ಕೀಲೆಣ್ಣೆಯಿಂದ ಆಕ್ಸಲ್ ಬೂಟಿನವರೆಗೆ

ಎತ್ತಿನ ಗಾಡಿ ಇದ್ದ ಮನೆಗಳಲ್ಲಿ ಬೆಳೆದವರಿಗೆ ‘ಕೀಲೆಣ್ಣೆ’ ಎಂಬ ಮಾತು ಗೊತ್ತಿರುತ್ತದೆ. ಹರಳೆಣ್ಣೆಗೆ ಸುಟ್ಟ ಹುಲ್ಲಿನ ಕರಕಲು ಕಲಸಿ ಮಾಡುತ್ತಿದ್ದ ಕಪ್ಪು ಜಿಡ್ಡು ಅದು. ಬಿದಿರಿನ ಕೊಳವೆಯಲ್ಲಿ ತುಂಬಿ ಗಾಡಿಯ ಅಡಿಗೆ ತೂಗುಹಾಕಿರುತ್ತಿದ್ದರು. ದೂರದ ಸಂತೆಗೋ ಜಾತ್ರೆಗೋ ಹೊರಡುವ ಮುಂಚೆ ಕಡೆಗೀಲು ಕಿತ್ತು, ಚಕ್ರವನ್ನು ಒಂದಿಷ್ಟು ಹೊರಗೆಳೆದು, ಅಚ್ಚಿಗೆ ಆ ಜಿಡ್ಡು ಬಳಿದು, ಚಕ್ರವನ್ನು ಮತ್ತೆ ಒಳಕ್ಕೆ ತಳ್ಳಿ ಕಡೆಗೀಲು ಬಡಿಯುತ್ತಿದ್ದರು. ನಾನು ಈಗ ಇರುವ ತಮಿಳುನಾಡಿನಲ್ಲಿ ಅದೇ ಜಿಡ್ಡಿಗೆ ‘ವಂಡಿ ಮೈ’ ಎನ್ನುತ್ತಾರೆ, ಅಂದರೆ ಗಾಡಿಯ ಕಾಡಿಗೆ. ಎರಡು ಭಾಷೆ, ಒಂದೇ ಕಪ್ಪು.

ನಮ್ಮ ಕಾರುಗಳ ಮುಂದಿನ ಚಕ್ರಗಳ ಹಿಂದೆ, ರಬ್ಬರಿನ ಬೂಟಿನೊಳಗೆ ಕುಳಿತಿರುವ ಕಪ್ಪು ಗ್ರೀಸು ಈ ಕೀಲೆಣ್ಣೆಯದೇ ವಂಶ. ವ್ಯತ್ಯಾಸ ಒಂದೇ. ಗಾಡಿಯ ಕೀಲಿಗೆ ಪ್ರತಿ ಪಯಣಕ್ಕೂ ಕೈ ತಾಗುತ್ತಿತ್ತು; ಕಾರಿನ ಕೀಲನ್ನು ಕಾರ್ಖಾನೆಯಲ್ಲೇ ಮುಚ್ಚಿ, ಇನ್ನು ಇದರ ಗೊಡವೆ ನಿಮಗೆ ಬೇಡ ಎಂದು ಕೊಟ್ಟುಬಿಡುತ್ತಾರೆ. ಕೀಲು ಹೀಗೆ ಕಣ್ಣಿಗೆ ಮರೆಯಾದದ್ದು ಹೇಗೆ, ಮತ್ತು ಮದ್ರಾಸಿನ ಬಡಗಣ ಅಂಚಿನ ಮಾಧವರಂನಂಥ ಜಾಗದಲ್ಲಿ ಜನ ಅದನ್ನು ಮತ್ತೆ ಯಾಕೆ ಬಿಚ್ಚುತ್ತಾರೆ ಎಂಬುದೇ ಈ ಬರಹ.

ಕಥೆ ಶುರುವಾಗುವುದು ಒಂದು ಹಳೆಯ ತೊಡಕಿನಿಂದ. ತಿರುಗುವ ಒಂದು ದಂಡದ ಶಕ್ತಿಯನ್ನು ಅದಕ್ಕೆ ಓರೆಯಾಗಿ ನಿಂತ ಇನ್ನೊಂದು ದಂಡಕ್ಕೆ ದಾಟಿಸುವುದು ಹೇಗೆ? 16ನೆಯ ಶತಮಾನದ ಇಟಲಿಯ ಗಣಿತಜ್ಞ ಕಾರ್ಡಾನೋ, 17ನೆಯ ಶತಮಾನದ ಇಂಗ್ಲೆಂಡಿನ ರಾಬರ್ಟ್ ಹುಕ್ ಇಬ್ಬರ ಹೆಸರೂ ಇದಕ್ಕೆ ಅಂಟಿಕೊಂಡಿವೆ. ಎರಡು ಕವಲುಗಳ ನಡುವೆ ಒಂದು ಶಿಲುಬೆಯಾಕಾರದ ತುಂಡು; ಗ್ಯಾರೇಜಿನವರು ಇವತ್ತಿಗೂ ಅದನ್ನು ‘ಕ್ರಾಸ್’ ಎಂದೇ ಕರೆಯುತ್ತಾರೆ. ಅಂಬಾಸಡರ್, ಫಿಯಟ್ ಕಾರುಗಳಲ್ಲಿ ಎಂಜಿನ್ ಮುಂದೆ, ತಳ್ಳುವ ಚಕ್ರ ಹಿಂದೆ. ನಡುವಿನ ಉದ್ದ ಪ್ರೊಪೆಲ್ಲರ್ ಶಾಫ್ಟಿನ ಕೊನೆಗಳಲ್ಲಿ ಈ ಕ್ರಾಸುಗಳು ಇರುತ್ತಿದ್ದವು.

ಕ್ರಾಸಿಗೆ ಒಂದು ದೋಷವಿದೆ. ಓರೆಯಲ್ಲಿ ತಿರುಗುವಾಗ ಒಳಗೆ ಬರುವ ವೇಗ ಒಂದೇ ಸಮನಿದ್ದರೂ ಹೊರಗೆ ಹೋಗುವ ವೇಗ ಪ್ರತಿ ಸುತ್ತಿಗೆ ಎರಡು ಸಲ ಹೆಚ್ಚಿ, ಎರಡು ಸಲ ಕುಗ್ಗುತ್ತದೆ. ಓರೆ ಸಣ್ಣದಿದ್ದು ಎರಡು ಕ್ರಾಸುಗಳನ್ನು ಸರಿಯಾಗಿ ಜೋಡಿಸಿದರೆ ಒಂದರ ದೋಷವನ್ನು ಇನ್ನೊಂದು ಅಳಿಸುತ್ತದೆ. ಆದರೆ ಮುಂದಿನ ಚಕ್ರವೇ ಕಾರನ್ನು ಎಳೆಯಬೇಕು, ಅದೇ ಚಕ್ರ ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಬೇಕು ಎಂದರೆ ಈ ಉಪಾಯ ಸಾಲದು. ಸ್ಟಿಯರಿಂಗ್ ತಿರುಗಿಸಿದಾಗಲೆಲ್ಲ ಕಾರು ಜಗ್ಗಾಡುತ್ತದೆ.

1926ರಲ್ಲಿ ಫ್ರಾನ್ಸಿನ ಗ್ರೆಗ್ವಾರ್ ಮತ್ತು ಫೆನಾಯ್ ‘ಟ್ರಾಕ್ಟಾ’ ಕೀಲನ್ನು ಕೊಟ್ಟರು. ಅದೇ ದಶಕದ ಕೊನೆಗೆ ಅಮೆರಿಕದಲ್ಲಿ ಆಲ್ಫ್ರೆಡ್ ರೆಜೆಪ್ಪಾ ಎಂಬ ಎಂಜಿನಿಯರ್ ಬೇರೊಂದು ದಾರಿ ಹಿಡಿದರು: ಒಂದು ಬಟ್ಟಲು, ಅದರೊಳಗೆ ಒಂದು ಗುಂಡು, ಎರಡರ ಮೈಮೇಲೂ ಗಾಡಿಜಾಡಿನಂಥ ಆರು ಗೀರು, ಆ ಗೀರುಗಳಲ್ಲಿ ಆರು ಉಕ್ಕಿನ ಗೋಲಿ, ಗೋಲಿಗಳನ್ನು ಹಿಡಿದಿಡುವ ಒಂದು ಪಂಜರ. ದಂಡಗಳು ಎಷ್ಟೇ ಓರೆಯಾದರೂ ಗೋಲಿಗಳು ಎರಡರ ಸರಿಯರ್ಧದ ಓರೆಯಲ್ಲೇ ನಿಲ್ಲುತ್ತವೆ. ಹಾಗಾಗಿ ಒಳಬಂದ ವೇಗವೇ ಹೊರಗೂ ಹೋಗುತ್ತದೆ. ಎರಡನೆಯ ಮಹಾಯುದ್ಧದ ವಿಲ್ಲಿಸ್ ಜೀಪುಗಳ ಮುಂದಿನ ಆಕ್ಸಲಿನಲ್ಲಿ ಬಳಕೆಯಾದ ಕೆಲವು ಬಗೆಯ ಕೀಲುಗಳಲ್ಲಿ ರೆಜೆಪ್ಪಾ, ಟ್ರಾಕ್ಟಾ ಎರಡೂ ಇದ್ದವು. 1959ರಲ್ಲಿ ಇಂಗ್ಲೆಂಡಿನ ಮಿನಿ ಕಾರು ಬಂದಾಗ ಈ ಆರು ಗೋಲಿಗಳ ಕೀಲು ಸಂಸಾರಸ್ಥರ ಸಣ್ಣ ಕಾರಿಗೂ ಇಳಿಯಿತು.

ನಮ್ಮಲ್ಲಿ ಅದು ಮನೆಮನೆಗೆ ಬಂದದ್ದು ಮಾರುತಿ 800ರ ಜೊತೆ. 1983ರ ಡಿಸೆಂಬರ್ 14ರಂದು ಮೊದಲ ಕಾರಿನ ಕೀಲಿಕೈ ಹಸ್ತಾಂತರವಾಯಿತು. ಅಂಬಾಸಡರನ್ನು ಸರ್ವಿಸಿಗೆ ಬಿಟ್ಟರೆ ಹುಡುಗನೊಬ್ಬ ಗ್ರೀಸ್ ಗನ್ ಹಿಡಿದು ಅಡಿಗೆ ನುಸುಳಿ, ನಿಪ್ಪಲ್ಲಿಗೊಂದರಂತೆ ಗ್ರೀಸ್ ಹೊಡೆಯುತ್ತಿದ್ದ. ಅದು ಕೀಲೆಣ್ಣೆ ಬಳಿಯುವ ಕೆಲಸದ್ದೇ ಮುಂದುವರಿಕೆ. ಹೊಸ ಸಣ್ಣ ಕಾರಿನ ಮುಂದಿನ ಶಾಫ್ಟಿನಲ್ಲಿ ನಿಪ್ಪಲ್ಲೇ ಇಲ್ಲ. ಕೊಳಲಿನ ಸುರುಳಿಯಂತೆ ಮಡಿಕೆ ಮಡಿಕೆಯಾದ ರಬ್ಬರ್ ಬೂಟು, ಎರಡು ಕ್ಲಿಪ್ಪು, ಒಳಗೆ ಒಮ್ಮೆ ತುಂಬಿದ ಗ್ರೀಸು. ಗನ್ ಹಿಡಿದ ಹುಡುಗನಿಗೆ ಅಲ್ಲಿ ಕೆಲಸವಿಲ್ಲ.

ಇದು ಸಾಧ್ಯವಾದದ್ದು ಗ್ರೀಸಿನ ಕಾರಣದಿಂದಲೂ ಹೌದು. ಎಣ್ಣೆಯೊಂದನ್ನೇ ಹಚ್ಚಿದರೆ ಸೋರಿಹೋಗುತ್ತದೆ, ಅದನ್ನು ಹಿಡಿದು ನಿಲ್ಲಿಸಲು ಜೊತೆಗೆ ಏನಾದರೊಂದು ಬೇಕು. ಗಾಡಿಯಲ್ಲಿ ಆ ಕೆಲಸ ಕರಕಲಿನದು, ಗ್ರೀಸಿನಲ್ಲಿ ಸೋಪಿನದು. ಸುಣ್ಣದ ಸೋಪಿನ ಗ್ರೀಸು 19ನೆಯ ಶತಮಾನದ್ದು. ಬಿಸಿಗೂ ನೀರಿಗೂ ಚೆನ್ನಾಗಿ ತಡೆದುಕೊಳ್ಳುವ ಲಿಥಿಯಂ ಸೋಪಿನ ಗ್ರೀಸು ಬಂದದ್ದು 1940ರ ದಶಕದಲ್ಲಿ. ಅದಕ್ಕೆ ಮಾಲಿಬ್ಡಿನಂ ಡೈಸಲ್ಫೈಡ್ ಎಂಬ ಕಪ್ಪು ಪುಡಿ ಬೆರೆಸಿದರೆ, ಒತ್ತಡದಲ್ಲಿ ಎಣ್ಣೆಯ ಪದರ ಹರಿದರೂ ಪುಡಿಯ ಪದರ ಲೋಹವನ್ನು ಕಾಯುತ್ತದೆ. ಬೂಟಿನೊಳಗಿನ ಗ್ರೀಸು ಕಪ್ಪಗಿರುವುದು ಅದಕ್ಕೇ. ಕಪ್ಪಾಗಿದೆ ಎಂದ ಮಾತ್ರಕ್ಕೆ ಕೆಟ್ಟಿದೆ ಎಂದಲ್ಲ. ಎರಡು ಬೆರಳ ನಡುವೆ ಉಜ್ಜಿ ನೋಡಬೇಕು. ಮರಳು ಸಿಕ್ಕರೆ ಕೆಟ್ಟಿದೆ.

ಇನ್ನು ಮದ್ರಾಸಿನ ಮಾತು. 1903ರಲ್ಲಿ ಸಿಂಪ್ಸನ್ ಕಂಪನಿಯ ಸ್ಯಾಮ್ಯುಯೆಲ್ ಜಾನ್ ಗ್ರೀನ್ ಇದೇ ಊರಿನಲ್ಲಿ ಒಂದು ಉಗಿ ಕಾರನ್ನು ಕಟ್ಟಿದ್ದರು. 1948ರಲ್ಲಿ ಶುರುವಾದ ಅಶೋಕ್ ಮೋಟಾರ್ಸ್ ನಮ್ಮ ಮಾಧವರಂನಿಂದ ದೂರವಲ್ಲದ ಎಣ್ಣೂರಿನಲ್ಲಿ ಆಸ್ಟಿನ್ ಕಾರು ಜೋಡಿಸಿತು. 1955ರಲ್ಲಿ ಅಶೋಕ್ ಲೇಲ್ಯಾಂಡ್ ಎಂದು ಹೆಸರು ಬದಲಿಸಿ ಲಾರಿ ಬಸ್ಸುಗಳ ಕಡೆ ಹೊರಳಿತು. ಊರಿನ ತೆಂಕಣಕ್ಕೆ ಸ್ಟ್ಯಾಂಡರ್ಡ್ ಕಂಪನಿ 1961ರಿಂದ ಹೆರಾಲ್ಡ್ ಕಾರು ತಯಾರಿಸಿತು. ಹೆರಾಲ್ಡಿನ ಹಿಂದಿನ ಚಕ್ರಗಳು ಒಂದೊಂದೂ ತನ್ನ ಪಾಡಿಗೆ ಏರಿಳಿಯುವಂಥವು. 1972ರ ಗೆಜೆಲ್ ಮಾದರಿಗೆ ಅದನ್ನು ಕೈಬಿಟ್ಟು ಹಳೆಯ ಗಟ್ಟಿ ಆಕ್ಸಲನ್ನೇ ಹಾಕಿದರು. ಮುಂದೆ ಸ್ಟ್ಯಾಂಡರ್ಡ್ ನಿಂತೇಹೋಯಿತು. 1998ರಲ್ಲಿ ಶ್ರೀಪೆರುಂಬುದೂರಿನ ಹ್ಯುಂಡೈ ಕಾರ್ಖಾನೆಯಿಂದ ಸ್ಯಾಂಟ್ರೋ, 1999ರಲ್ಲಿ ಮರೈಮಲೈ ನಗರದ ಫೋರ್ಡ್ ಕಾರ್ಖಾನೆಯಿಂದ ಐಕಾನ್ ಹೊರಬಂದವು. 2021ರ ಸೆಪ್ಟೆಂಬರಿನಲ್ಲಿ ಫೋರ್ಡ್ ಭಾರತದಲ್ಲಿ ಕಾರು ತಯಾರಿಕೆ ನಿಲ್ಲಿಸುವುದಾಗಿ ಹೇಳಿತು.

ಕಾರ್ಖಾನೆ ಬಾಗಿಲು ಹಾಕಬಹುದು, ಕಾರುಗಳು ಮಾತ್ರ ರಸ್ತೆಯ ಮೇಲೇ ಇರುತ್ತವೆ. ಅವನ್ನು ಸಾಕುವುದು ಎಗ್ಮೋರ್ ಪಕ್ಕದ ಪುದುಪೇಟೆ. ನಮ್ಮ ಬೆಂಗಳೂರಿನ ಶಿವಾಜಿನಗರದ ಗುಜರಿ ಅಂಗಡಿಗಳನ್ನು ಕಂಡವರಿಗೆ ಆ ಬೀದಿಗಳು ಅಪರಿಚಿತ ಅನ್ನಿಸುವುದಿಲ್ಲ. ಬಾಗಿಲು ಒಂದೆಡೆ, ಗೇರ್ ಬಾಕ್ಸ್ ಒಂದೆಡೆ, ಕಬ್ಬಿನ ಕಟ್ಟಿನಂತೆ ಗೋಡೆಗೆ ಒರಗಿಸಿಟ್ಟ ಆಕ್ಸಲ್ ಶಾಫ್ಟುಗಳು ಇನ್ನೊಂದೆಡೆ.

ಮಾಧವರಂ ಈ ನಕ್ಷೆಯಲ್ಲಿ ಲಾರಿಗಳ ಊರು. ಕೋಲ್ಕತ್ತಾ ಕಡೆಗಿನ ಹೆದ್ದಾರಿ ಊರನ್ನು ಬಿಡುವ ಜಾಗ; ಲಾರಿ ನಿಲ್ದಾಣವಿದೆ, 2018ರಿಂದ ಆಂಧ್ರದ ಬಸ್ಸುಗಳೂ ಇಲ್ಲಿಂದಲೇ ಹೊರಡುತ್ತವೆ. ಪಕ್ಕದ ಮಣಲಿಯ ತೈಲ ಶುದ್ಧೀಕರಣಾಗಾರದಲ್ಲಿ ಗ್ರೀಸಿಗೆ ಮೂಲವಾದ ಬೇಸ್ ಎಣ್ಣೆಯೂ ತಯಾರಾಗುತ್ತದೆ. ಲಾರಿಗಳಲ್ಲಿ ಇಂದಿಗೂ ಕ್ರಾಸುಗಳಿವೆ, ನಿಪ್ಪಲ್ಲುಗಳಿವೆ, ಗ್ರೀಸ್ ಗನ್ ಇದೆ. ಹಾಗಾಗಿ ಇಲ್ಲಿನ ಶೆಡ್ಡುಗಳಲ್ಲಿ ಕೆಲಸ ಕಲಿತವರು ಕಾರಿನ ಮುಚ್ಚಿದ ಕೀಲನ್ನು ಕಂಡರೂ ಅದನ್ನು ಬಿಚ್ಚಿ ನೋಡಬೇಕಾದ ವಸ್ತು ಎಂದೇ ಭಾವಿಸುತ್ತಾರೆ.

ನನಗೆ ಈ ವಿದ್ಯೆ ಬೇಕಾದದ್ದು 2023ರ ಡಿಸೆಂಬರಿನ ಮಿಚಾಂಗ್ ಚಂಡಮಾರುತದ ಮಳೆಯ ಮೇಲೆ. ನಮ್ಮ ಬೀದಿಯಲ್ಲಿ ನೀರು ನಿಂತಿತ್ತು. ತಿಂಗಳೊಪ್ಪತ್ತಿನಲ್ಲಿ ಕಾರನ್ನು ಪೂರ್ತಿ ತಿರುಗಿಸಿದಾಗ ಎಡಚಕ್ರದ ಕಡೆಯಿಂದ ಟಕ್ ಟಕ್ ಸದ್ದು ಬರತೊಡಗಿತು. ಬಗ್ಗಿ ನೋಡಿದರೆ ಹೊರಬದಿಯ ಬೂಟು ಹರಿದು ಚಕ್ರದ ಒಳಗೆಲ್ಲ ಗ್ರೀಸು ಸಿಡಿದಿತ್ತು. ವರ್ಷಕ್ಕೆ ಮೂರ್ನಾಲ್ಕು ಸಲ ಅಪ್ಪ ಅಮ್ಮನನ್ನು ಕೂರಿಸಿಕೊಂಡು ರಾತ್ರಿ ಹೆದ್ದಾರಿಯಲ್ಲಿ ತುಮಕೂರಿಗೆ ಓಡುವ ಕಾರು ಅದು. ಈ ಕೀಲು ಮುರಿದರೆ ಎಂಜಿನ್ ಓಡುತ್ತಲೇ ಇದ್ದರೂ ಕಾರು ಕದಲುವುದಿಲ್ಲ, ಏಕೆಂದರೆ ಡಿಫರೆನ್ಷಿಯಲ್ ಶಕ್ತಿಯನ್ನೆಲ್ಲ ಮುರಿದ ಕಡೆಗೇ ಹರಿಸಿಬಿಡುತ್ತದೆ. ಇಳಿಜಾರಿನಲ್ಲಿ ಗೇರಿಗೆ ಹಾಕಿ ನಿಲ್ಲಿಸಿದರೂ ನಿಲ್ಲದು, ಹ್ಯಾಂಡ್ ಬ್ರೇಕೊಂದೇ ಆಧಾರ.

ಹೊಸ ಶಾಫ್ಟಿನ ಬೆಲೆ ಕೇಳಿ ಪುದುಪೇಟೆಗೆ ಹೋದೆ. ನಮ್ಮ ಬೀದಿಯ ಲಾರಿ ಮೆಕ್ಯಾನಿಕ್ ಅಣ್ಣ ಜೊತೆಗೆ ಬಂದರು. ಅಂಗಡಿಯಲ್ಲಿ ಎರಡು ಶಾಫ್ಟು ತೋರಿಸಿದರು. ಒಂದಕ್ಕೆ ಫಳಫಳ ಹೊಸ ಬೂಟು. ಇನ್ನೊಂದರದು ಧೂಳು ಹಿಡಿದ, ಹರಿಯದ, ಕಾರ್ಖಾನೆಯ ಕ್ಲಿಪ್ಪೇ ಇರುವ ಹಳೆಯ ಬೂಟು. ನನ್ನ ಕೈ ಹೊಸದರ ಕಡೆ ಹೋಗುವಷ್ಟರಲ್ಲಿ ಅಣ್ಣ ಹಳೆಯದನ್ನು ಎತ್ತಿಕೊಂಡರು. “ತಂಬಿ, ಇದನ್ನು ಯಾರೂ ಬಿಚ್ಚಿಲ್ಲ. ಅದನ್ನು ಯಾಕೆ ಬಿಚ್ಚಿದರು ಅಂತ ನಮಗೆ ಗೊತ್ತಾ?” ಎಂದರು. ಹಳೆಯ ದಾಖಲೆ ನೋಡುವವರಿಗೂ ಇದೇ ಪಾಠ ಹೇಳಿಕೊಡುತ್ತಾರೆ: ಮೊಹರು ಒಡೆಯದ ಕಾಗದಕ್ಕೆ ತಿದ್ದಿ ಬರೆದ ಕಾಗದಕ್ಕಿಂತ ಹೆಚ್ಚು ಬೆಲೆ. ಬಿಲ್ಲು ಬರೆಸಿಕೊಂಡು ಬಂದೆವು.

ಭಾನುವಾರ ಬೆಳಗ್ಗೆ ಮನೆಯ ಜಗಲಿಯ ಮೇಲೆ ಹಳೆಯ ಪತ್ರಿಕೆ ಹಾಸಿ ಕೂತೆವು. ಕ್ಲಿಪ್ ಕತ್ತರಿಸಿ ಬೂಟು ಸರಿಸಿ, ಗ್ರೀಸನ್ನು ಬಟ್ಟೆಯಿಂದ ಬಳಿದು ತೆಗೆದೆವು. ಬಿಚ್ಚುವ ಮುನ್ನ ಬಟ್ಟಲು, ಪಂಜರ, ಗುಂಡು ಮೂರರ ಮೇಲೂ ಒಂದೇ ಸಾಲಿನಲ್ಲಿ ಬಣ್ಣದ ಚುಕ್ಕೆ. ಮರದ ತುಂಡು ಇಟ್ಟು ಸುತ್ತಿಗೆಯಿಂದ ಒಂದು ಏಟು ಕೊಟ್ಟರೆ ಕೀಲು ಶಾಫ್ಟಿನ ತುದಿಯ ಲಾಕನ್ನು ದಾಟಿ ಹೊರಬರುತ್ತದೆ. ಪಂಜರವನ್ನು ಓರೆಮಾಡಿ ಗೋಲಿಗಳನ್ನು ಒಂದೊಂದಾಗಿ ತೆಗೆದು, ಯಾವ ಗೀರಿನದು ಎಂದು ತಿಳಿಯುವಂತೆ ಮೊಟ್ಟೆಯ ರಟ್ಟಿನಲ್ಲಿ ಸಾಲಾಗಿ ಇಟ್ಟೆವು. ಒಟ್ಟಿಗೇ ಸವೆದು ಹೊಂದಿಕೊಂಡ ಗೋಲಿ ಗೀರುಗಳನ್ನು ಬೇರೆ ಮಾಡಬಾರದು. ತೊಳೆಯಲು ಡೀಸೆಲ್, ಪೆಟ್ರೋಲಿನ ಆವಿ ಕಿಡಿಗೆ ಕಾದಿರುತ್ತದೆ, ಮನೆಯಲ್ಲಿ ಅದು ಬೇಡ.

ತೊಳೆದು ಒರೆಸಿ ಒಣಗಿದ ಮೇಲೆಯೇ ನಿಜವಾದ ಪರೀಕ್ಷೆ. ಗೀರು ಹೊಳೆಯುತ್ತಿದ್ದರೆ ಅಡ್ಡಿಯಿಲ್ಲ. ಉಗುರು ಎಳೆದಾಗ ಸಿಕ್ಕಿಕೊಳ್ಳಬಾರದು. ಗುಳಿ, ಕಾದು ನೀಲಿಯಾದ ಕಲೆ, ಪಂಜರದ ಮೂಲೆಯಲ್ಲಿ ಕೂದಲೆಳೆಯ ಬಿರುಕು, ಇವುಗಳಲ್ಲಿ ಒಂದಿದ್ದರೂ ಅದು ಗುಜರಿಗೆ. ನಮ್ಮ ಅದೃಷ್ಟಕ್ಕೆ ಆರೂ ಗೋಲಿಗಳು ಕನ್ನಡಿಯಂತಿದ್ದವು. ಒಳತುದಿಯ ಮೂರು ಉರುಳೆಗಳ ಕೀಲೂ ಸುಖವಾಗಿತ್ತು. ಹೋಲಿಸಲೆಂದು ನನ್ನ ಕಾರಿನಿಂದ ತೆಗೆದಿದ್ದ ಶಾಫ್ಟನ್ನೂ ಬಿಚ್ಚಿದೆವು. ಒಳಗೆ ಗ್ರೀಸಿರಲಿಲ್ಲ, ಇಟ್ಟಿಗೆ ಬಣ್ಣದ ಕೆಸರಿತ್ತು. ಗೀರುಗಳ ತುಂಬ ಸಿಡುಬಿನ ಕಲೆ. “ಇದು ಪೋಚು ತಂಬಿ,” ಎಂದರು ಅಣ್ಣ. ಎಷ್ಟು ತೊಳೆದು ಎಷ್ಟು ಗ್ರೀಸು ತುಂಬಿದರೂ ಹೋದ ಉಕ್ಕು ಮರಳದು. ಗ್ರೀಸು ಸವೆತವನ್ನು ತಡೆಯುತ್ತದೆ, ತುಂಬಿಕೊಡುವುದಿಲ್ಲ.

ಹೊಸ ಬೂಟಿನ ಜೊತೆ ಬಂದ ಪೊಟ್ಟಣದ ಗ್ರೀಸು ಅಷ್ಟನ್ನೂ ಬಳಸಿದೆವು. ಒಂದು ಪಾಲು ಗೋಲಿಗಳ ನಡುವೆ ಒತ್ತಿ, ಉಳಿದದ್ದು ಬೂಟಿನೊಳಗೆ. ಬೇರಿಂಗಿಗೆ ಹಾಕುವ ಸಾಮಾನ್ಯ ಗ್ರೀಸು ಇಲ್ಲಿ ಸಲ್ಲದು. ಕ್ಲಿಪ್ ಬಿಗಿಯುವ ಮುನ್ನ ಬೂಟಿನ ಬಾಯಿ ಸ್ವಲ್ಪ ಎತ್ತಿ ಒಳಗಿನ ಗಾಳಿ ಬಿಟ್ಟೆವು. ಶಾಫ್ಟು ಕೂರಿಸುವಾಗ ಚಕ್ರದ ನಡುವಿನ ದೊಡ್ಡ ನಟ್ಟು ಮಾತ್ರ ಹೊಸದು. ಅದನ್ನು ಅಳತೆಯ ಸ್ಪ್ಯಾನರಿನಲ್ಲಿ ಗ್ಯಾರೇಜಿನಲ್ಲೇ ಬಿಗಿಸಿದೆವು. ಕೊಳೆ ಡೀಸೆಲನ್ನು ಡಬ್ಬಿಯಲ್ಲಿ ತುಂಬಿ ಹಳೆಯ ಎಣ್ಣೆ ಕೊಳ್ಳುವವರಿಗೆ ಕೊಟ್ಟೆವು. ಅದೇ ಮಿಚಾಂಗ್ ಮಳೆಯಲ್ಲಿ ಎಣ್ಣೂರಿನ ಹಿನ್ನೀರಿಗೆ ಎಣ್ಣೆ ಹರಡಿ ಮೀನುಗಾರರ ದೋಣಿ ಬಲೆಗಳು ಕಪ್ಪಾದದ್ದನ್ನು ಕಂಡ ಊರು ಇದು. ಇಲ್ಲಿ ಚರಂಡಿಗೆ ಸುರಿಯಲು ಕೈ ಬರುವುದಿಲ್ಲ.

ಎರಡು ಕೀಲುಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಿದ ಮೇಲೆ ನನಗೆ ಉಳಿದ ಮಾತು ಇಷ್ಟು. ರೆಜೆಪ್ಪಾನ ಗೋಲಿಗಳು ಸಾಮಾನ್ಯವಾಗಿ ತಾವಾಗಿ ಸಾಯುವುದಿಲ್ಲ. ಸಾಯುವುದು ಬೂಟು, ಅದರ ಹಿಂದೆಯೇ ಗೋಲಿಗಳು. ಸುಮಾರು ನೂರು ವರ್ಷಗಳ ಜಾಣತನವನ್ನೆಲ್ಲ ಒಂದು ರಬ್ಬರಿನ ಮಡಿಕೆ ಕಾಯುತ್ತಿದೆ, ಅದನ್ನು ನೋಡುವ ಅಭ್ಯಾಸವನ್ನೇ ನಾವು ಬಿಟ್ಟುಬಿಟ್ಟಿದ್ದೇವೆ. ಗಾಡಿಯವನಿಗೆ ಕೀಲು ಕಿರುಗುಟ್ಟಿ ಕರೆಯುತ್ತಿತ್ತು. ಮುಚ್ಚಿದ ಕೀಲು ಸದ್ದು ಮಾಡುವ ಹೊತ್ತಿಗೆ ಹೆಚ್ಚಾಗಿ ಕಾಲ ಮಿಂಚಿರುತ್ತದೆ. ಊರಿಗೆ ಹೊರಡುವ ಹಿಂದಿನ ಸಂಜೆ ಸ್ಟಿಯರಿಂಗನ್ನು ಒಂದು ಕಡೆಗೆ ಪೂರ್ತಿ ತಿರುಗಿಸಿ, ಟಾರ್ಚು ಹಿಡಿದು, ಆ ಮಡಿಕೆಗಳ ನಡುವೆ ಬೆರಳಾಡಿಸಿ. ಬಿರುಕು ಸಿಕ್ಕರೆ ಬರೀ ಬೂಟು ಬದಲಿಸಿದರೆ ಸಾಕು, ಕೀಲು ಉಳಿಯುತ್ತದೆ. ಎರಡು ನಿಮಿಷದ ಕೆಲಸ. ಕಡೆಗೀಲು ಕಿತ್ತು ಚಕ್ರ ಎಳೆಯುವಷ್ಟು ಕಷ್ಟವೂ ಇಲ್ಲ.