ಬಸಾಲ್ಟ್ ಲಾವಾ: ಉಷ್ಣತೆ ಮತ್ತು ಹರಿವು

ಭೂಗರ್ಭದಿಂದ ಹೊರಹೊಮ್ಮುವ ಶಿಲಾರಸಗಳಲ್ಲಿ ಸಿಲಿಕಾಂಶ ಕಡಿಮೆಯಾಗಿ, ಕಬ್ಬಿಣ ಮತ್ತು ಮೆಗ್ನೀಸಿಯಂಗಳು ಹೆಚ್ಚಾಗಿರುವ ಬಸಾಲ್ಟ್ ಲಾವಾ ಸಾಮಾನ್ಯವಾಗಿ 1,100ರಿಂದ 1,200 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ನೆಲದ ಮೇಲಕ್ಕೆ ಬರುತ್ತದೆ. ಸುಮಾರು 1,000 ಡಿಗ್ರಿಗೆ ಇಳಿಯುವಷ್ಟರಲ್ಲಿ ಅದು ಬಹುಮಟ್ಟಿಗೆ ಘನಶಿಲೆಯಾಗಿರುತ್ತದೆ. ಆದುದರಿಂದ ಲಾವಾ ಎಷ್ಟು ದೂರ, ಯಾವ ವೇಗದಲ್ಲಿ, ಯಾವ ರೂಪ ತಳೆದು ಹರಿಯುವುದೆಂಬುದೆಲ್ಲವೂ ಇನ್ನೂರು ಡಿಗ್ರಿಗಳಷ್ಟು ಕಿರಿದಾದ ಈ ಅಂತರದೊಳಗೇ ನಿರ್ಣಯವಾಗಬೇಕು. ಲಾವಾ ತಣ್ಣಗಾದ ಮೇಲೆ ನಿಲ್ಲುತ್ತದೆಂಬುದು ಅರ್ಧಸತ್ಯ. ನಿಂತ ಪ್ರವಾಹದ ಒಡಲು ಇನ್ನೂ ಕೆಂಪಗೆ ಕಾದೇ ಇರುತ್ತದೆ.

ದ್ರವದ ಪದರಗಳು ಒಂದರ ಮೇಲೊಂದು ಜಾರುವುದಕ್ಕೆ ಒಡ್ಡುವ ಪ್ರತಿರೋಧಕ್ಕೆ ಸ್ನಿಗ್ಧತೆಯೆಂದು ಹೆಸರು. ಆಗತಾನೆ ಹೊರಬಿದ್ದ ಬಸಾಲ್ಟಿನ ಸ್ನಿಗ್ಧತೆ 10ರಿಂದ 100 ಪಾಸ್ಕಲ್-ಸೆಕೆಂಡ್, ಎಂದರೆ ನೀರಿನದಕ್ಕಿಂತ ಹತ್ತು ಸಾವಿರದಿಂದ ಒಂದು ಲಕ್ಷ ಮಡಿ. ಉಷ್ಣತೆ ಇಳಿದಂತೆ ಸಿಲಿಕಾನ್ ಮತ್ತು ಆಮ್ಲಜನಕಗಳ ಬಂಧಗಳು ಬಿಗಿಗೊಂಡು ದ್ರವವು ತಾನಾಗಿಯೇ ಮಂದವಾಗುವುದು ನಿಜ. ಆದರೆ ಅದಕ್ಕಿಂತ ಪ್ರಬಲವಾದ ಕಾರಣ, ತಣಿಯುವ ರಸದಲ್ಲಿ ಹುಟ್ಟುವ ಹರಳುಗಳು. ಆಲೆಮನೆಯ ಕೊಪ್ಪರಿಗೆಯಲ್ಲಿ ಪಾಕವು ಹರಳುಗಟ್ಟತೊಡಗಿದೊಡನೆ ಹುಟ್ಟಿಗೆ ಭಾರವಾಗುವಂತೆ, ಪ್ಲೇಜಿಯೊಕ್ಲೇಸ್ ಮತ್ತು ಪೈರಾಕ್ಸೀನುಗಳ ಸೂಕ್ಷ್ಮ ಹರಳುಗಳು ಒಂದಕ್ಕೊಂದು ತಾಗಿ ಹೆಣೆದುಕೊಂಡಾಗ ಲಾವಾ ಬರಿಯ ದ್ರವವಾಗಿ ಉಳಿಯದೆ, ಒಂದು ಮಿತಿಯವರೆಗಿನ ಒತ್ತಡಕ್ಕೆ ಅಲುಗದೆ ನಿಲ್ಲುವ ಶಕ್ತಿಯನ್ನು ಪಡೆಯುತ್ತದೆ. ಹವಾಯಿಯ ಮಕಾವೊಪುಹಿ ಕುಳಿಯಲ್ಲಿ 1965ರಲ್ಲಿ ತುಂಬಿಕೊಂಡ ಲಾವಾ ಸರೋವರದ ಹೆಪ್ಪನ್ನು ಕೊರೆದು, ಒಳಗಿನ ಸುಮಾರು 1,130 ಡಿಗ್ರಿಯ ರಸದಲ್ಲಿ ತಿರುಗುವ ಸಲಾಕೆಯನ್ನಿಳಿಸಿ ಅಳೆದ ವಿಜ್ಞಾನಿಗಳಿಗೆ ಈ ಗುಣ ನೇರವಾಗಿ ಕಾಣಬಂದಿತು: ಸುಮಾರು 100 ಪಾಸ್ಕಲ್ ಒತ್ತಡ ಮೀರುವವರೆಗೆ ರಸವು ಹರಿಯಲೇ ಇಲ್ಲ. ಈ ಅಳತೆಯನ್ನು 1968ರಲ್ಲಿ ಶಾ ಮತ್ತು ಅವರ ಸಹೋದ್ಯೋಗಿಗಳು ಪ್ರಕಟಿಸಿದರು.

ಹವಾಯಿ ಜನರ ಮಾತಿನಿಂದಲೇ ಭೂವಿಜ್ಞಾನ ಎರವಲು ಪಡೆದ ಪಹೋಯ್‌ಹೋಯ್ ಮತ್ತು ಆಆ ಎಂಬ ಎರಡು ರೂಪಗಳ ಭೇದಕ್ಕೂ ಇದೇ ಮೂಲ. ಬಿಸಿಯಾದ, ಹರಳು ವಿರಳವಾದ ಪಹೋಯ್‌ಹೋಯ್ ಲಾವಾದ ಅಂಚಿನಲ್ಲಿ ಹೊರಚಾಚಿದ ಕಿತ್ತಳೆ ನಾಲಿಗೆಯ ಮೇಲೆ ಕೆಲವೇ ಕ್ಷಣಗಳಲ್ಲಿ ಬೂದುಬಣ್ಣದ ತೆಳುಚರ್ಮ ಕಟ್ಟುತ್ತದೆ. ಒಳಗಿನ ಒತ್ತಡಕ್ಕೆ ಅದು ಉಬ್ಬಿ, ಮಡಿಕೆಬಿದ್ದು, ಎಲ್ಲೋ ಬಿರಿದು, ಅಲ್ಲಿಂದ ಮತ್ತೊಂದು ನಾಲಿಗೆ ಹೊರಡುತ್ತದೆ. ತಣಿದು ಹರಳು ದಟ್ಟವಾದಾಗ, ಇಲ್ಲವೆ ಕಡಿದಾದ ಇಳಿಜಾರಿನಲ್ಲಿ ರಭಸದಿಂದ ಎಳೆಯಲ್ಪಟ್ಟಾಗ, ಚರ್ಮವು ಹರಿದುಹೋಗಿ ಮುಳ್ಳುಮುಳ್ಳಾದ ಚೂರುಗಳ ರಾಶಿಯೇ ಉರುಳುತ್ತ ಸಾಗುವ ಆಆ ಆಗುತ್ತದೆ. ಮೊದಲನೆಯದು ಎರಡನೆಯದಾಗುವುದು ಸಾಮಾನ್ಯ; ಅದರ ವಿಪರ್ಯಯ ಅಪರೂಪ.

ಕೆಲವೇ ಡಿಗ್ರಿಗಳ ವ್ಯತ್ಯಾಸಕ್ಕೆ ಎಂತಹ ಬೆಲೆಯುಂಟೆಂಬುದನ್ನು 2018ರ ಮೇ ತಿಂಗಳಲ್ಲಿ ಹವಾಯಿಯ ಕಿಲವೇಯ ಜ್ವಾಲಾಮುಖಿಯ ಪೂರ್ವಪಾರ್ಶ್ವದಲ್ಲಿ ಆರಂಭವಾದ ಸ್ಫೋಟ ತೋರಿಸಿತು. ಬಹುಕಾಲ ನೆಲದೊಳಗೆ ತಂಗಿ ತಣಿದಿದ್ದ, ಸುಮಾರು 1,100 ಡಿಗ್ರಿಯ ಹಳೆಯ ರಸ ಮೊದಲು ಹೊರಬಿದ್ದಾಗ ಪ್ರವಾಹಗಳು ಗಿಡ್ಡವಾಗಿ, ನಿಧಾನವಾಗಿ ಸಾಗಿದವು. ಅನಂತರ ಎಂಟನೆಯ ಬಿರುಕಿನಿಂದ 1,140 ಡಿಗ್ರಿಯ ಆಸುಪಾಸಿನ ಹೊಸ ರಸ ಉಕ್ಕಿ, ಸುಮಾರು 13 ಕಿಲೋಮೀಟರ್ ಹರಿದು ಜೂನ್ ಮೊದಲ ವಾರದಲ್ಲಿ ಕಪೋಹೊ ಕೊಲ್ಲಿಯನ್ನು ಸೇರಿತು. ರಾಸಾಯನಿಕ ಭೇದವೂ ಹೊರಬೀಳುವ ರಸದ ಪ್ರಮಾಣವೂ ಇದರಲ್ಲಿ ಪಾಲುಗೊಂಡಿದ್ದವೆಂಬುದನ್ನು ಮರೆಯಲಾಗದು. ಉಷ್ಣತೆಯೊಂದನ್ನೇ ನೋಡಿದರೆ ಸಾಲದೆಂಬುದಕ್ಕೆ ಹವಾಯಿಯದೇ ಆದ ಮೌನಾ ಲೋವಾ ಜ್ವಾಲಾಮುಖಿಯ 1984ರ ಸ್ಫೋಟವು ಇನ್ನೂ ಸ್ಪಷ್ಟವಾದ ನಿದರ್ಶನ: ಅಲ್ಲಿ ಮೂರು ವಾರಗಳ ಕಾಲ ಲಾವಾ ಒಂದೇ ಸಮನೆ ಸುಮಾರು 1,140 ಡಿಗ್ರಿಯಲ್ಲಿಯೇ ಹೊರಬರುತ್ತಿದ್ದರೂ, ಅನಿಲಗಳನ್ನು ಕಳೆದುಕೊಂಡ ರಸದಲ್ಲಿ ಹರಳುಗಳು ದಿನೇ ದಿನೇ ಹೆಚ್ಚಿ ಪ್ರವಾಹ ಜಡವಾಗುತ್ತ ಹೋಯಿತು.

ಮೈದೆರೆದು ಹರಿಯುವ ಲಾವಾ ವಿಕಿರಣದಿಂದ ಬಹುಬೇಗ ಶಾಖವನ್ನು ಕಳೆದುಕೊಳ್ಳುತ್ತದೆ. ಆದರೆ ಮೇಲೆ ಹೆಪ್ಪುಗಟ್ಟಿದ ಕಲ್ಲು ಶಾಖವನ್ನು ಸುಲಭವಾಗಿ ಬಿಟ್ಟುಕೊಡುವ ವಸ್ತುವಲ್ಲ. ಕಿಲವೇಯ ಪಹೋಯ್‌ಹೋಯ್ ಮೇಲೆ ಹತ್ತು ಸೆಂಟಿಮೀಟರ್ ಹೆಪ್ಪು ಒಂದೂವರೆ ಗಂಟೆಯಲ್ಲಿ ಕಟ್ಟಿದರೆ, ಒಂದು ಮೀಟರ್ ದಪ್ಪವಾಗಲು ಸುಮಾರು ಒಂದು ವಾರ ಬೇಕು. ಈ ಮುಚ್ಚಳದ ಕೆಳಗೆ, ಲಾವಾ ಸುರಂಗಗಳಲ್ಲಿ, ರಸವು ಕಿಲೋಮೀಟರಿಗೆ ಸುಮಾರು ಒಂದು ಡಿಗ್ರಿಯಷ್ಟೇ ತಣಿಯುತ್ತ ಬಹುದೂರ ಸಾಗಬಲ್ಲುದು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಪದರಪದರವಾಗಿ ಹರಡಿ, ನಮ್ಮ ಬೆಳಗಾವಿ, ವಿಜಯಪುರ, ಕಲಬುರಗಿ, ಬೀದರ ಪ್ರದೇಶಗಳನ್ನೂ ಆವರಿಸಿದ ಡೆಕ್ಕನ್ ಟ್ರ್ಯಾಪ್ ಶಿಲೆಗಳಲ್ಲಿ ಒಳಗಿನಿಂದ ಉಬ್ಬಿ ಬೆಳೆದ ಪಹೋಯ್‌ಹೋಯ್ ಹಾಸುಗಳು ವಿಪುಲವಾಗಿರುವುದರಿಂದ, ಅಂದಿನ ಪ್ರವಾಹಗಳಲ್ಲಿಯೂ ಹೆಪ್ಪಿನ ಮರೆಯಲ್ಲಿಯೇ ರಸ ಮುಂದೆ ಸಾಗುತ್ತಿದ್ದಿತೆಂದು ತಿಳಿಯಲಾಗಿದೆ.