ಹರ್ಸ್ಟ್ ಅವರನ್ನು ಅಳೆಯಬೇಕಾದ್ದು ಕೌಂಟಿಯಲ್ಲಿ

ಇಂಗ್ಲೆಂಡಿನ ಯಾರ್ಕ್‌ಷೈರ್ ಕೌಂಟಿಯ ಜಾರ್ಜ್ ಹರ್ಸ್ಟ್ 24 ಟೆಸ್ಟ್‌ಗಳಲ್ಲಿ ಗಳಿಸಿದ್ದು 790 ರನ್, ಪಡೆದದ್ದು 59 ವಿಕೆಟ್. ಇಷ್ಟನ್ನೇ ಹಿಡಿದು ಅವರನ್ನು ಎರಡನೇ ಸಾಲಿಗೆ ತಳ್ಳುವವರಿದ್ದಾರೆ. ನನ್ನ ಮಟ್ಟಿಗೆ ಇದು ತಪ್ಪು ಅಳತೆ. ಆ ಕಾಲದ ವೃತ್ತಿಪರ ಆಟಗಾರನಿಗೆ ಟೆಸ್ಟ್ ಅಪರೂಪದ ಹಬ್ಬ. ಅನ್ನ ಕೊಡುತ್ತಿದ್ದದ್ದು ಕೌಂಟಿ ಕ್ರಿಕೆಟ್. ಹಡರ್ಸ್‌ಫೀಲ್ಡ್ ಬಳಿಯ ಕರ್ಕ್‌ಹೀಟನ್ ಎಂಬ ನೇಕಾರರ ಊರಿನಲ್ಲಿ 1871ರಲ್ಲಿ ಹುಟ್ಟಿದ ಹರ್ಸ್ಟ್ ಅವರಿಗೆ ಮೇ ತಿಂಗಳಿಂದ ಆಗಸ್ಟ್ ಕೊನೆಯವರೆಗೆ, ವಾರಕ್ಕೆ ಆರು ದಿನ, ಆಟವೇ ದುಡಿಮೆ. ಒಂದು ಮೂರು ದಿನದ ಪಂದ್ಯ ಮುಗಿಸಿ ರೈಲು ಹತ್ತಿದರೆ ಮರುದಿನ ಇನ್ನೊಂದು ಊರಿನಲ್ಲಿ ಮತ್ತೆ ಬೌಲಿಂಗ್.

ಆ ದುಡಿಮೆಯ ಶಿಖರ 1906. ಒಂದೇ ಬೇಸಿಗೆಯಲ್ಲಿ 2,385 ರನ್, 208 ವಿಕೆಟ್. ಆಗಸ್ಟ್ ಕೊನೆಯಲ್ಲಿ, ಬೇರೆಯವರ ಕಾಲು ಸೋಲುವ ಹೊತ್ತಿಗೆ, ಬಾಥ್‌ನಲ್ಲಿ ಸಾಮರ್‌ಸೆಟ್ ವಿರುದ್ಧ ಮೊದಲು 111 ಹೊಡೆದರು, 70 ರನ್‌ಗೆ ಆರು ವಿಕೆಟ್ ಕಿತ್ತರು. ಮತ್ತೆ ಔಟಾಗದೆ 117, ಮತ್ತೆ 45ಕ್ಕೆ ಐದು. ಈ ವಿಕೆಟ್‌ಗಳು ಬರೀ ಕಸುವಿನಿಂದ ಬಂದವಲ್ಲ. ಸುಮಾರು 1901ರಿಂದ ಅವರು ಹೊಸ ಚೆಂಡನ್ನು ಕೊನೇ ಗಳಿಗೆಯಲ್ಲಿ ಒಳಕ್ಕೆ ತಿರುಗಿಸುವ ಎಡಗೈ ಸ್ವಿಂಗ್ ಕಲೆಯನ್ನು ಪಳಗಿಸಿಕೊಂಡಿದ್ದರು. ಹೊರಗೆ ಹೋಗುವ ಚೆಂಡೆಂದು ಬ್ಯಾಟ್ ಎತ್ತಿದ ಬಲಗೈ ಆಟಗಾರನ ಸ್ಟಂಪ್ ಹಾರುತ್ತಿತ್ತು. ತಡೆಯಲು ಹೋದರೆ ಲೆಗ್ ಬದಿಯಲ್ಲಿ ಫೀಲ್ಡರ್‌ಗಳು ಕಾದಿರುತ್ತಿದ್ದರು. 1902ರಲ್ಲಿ ಲೀಡ್ಸ್‌ನಲ್ಲಿ ಪ್ರವಾಸಿ ಆಸ್ಟ್ರೇಲಿಯಾ ಯಾರ್ಕ್‌ಷೈರ್ ಎದುರು ಬರೀ 23ಕ್ಕೆ ಮುಗಿದಾಗ ಹರ್ಸ್ಟ್ ಒಂಬತ್ತು ರನ್ ಕೊಟ್ಟು ಐವರನ್ನು ಕಳಿಸಿದ್ದರು. ಎದುರಾಳಿಗಳು ದುರ್ಬಲ ಕೌಂಟಿಗಳಾಗಿದ್ದವು ಎನ್ನುವವರು ಆ ದಿನವನ್ನು ನೆನೆಯಬೇಕು.

ಪಂದ್ಯಗಳು ಹೆಚ್ಚಿದ್ದವು, ಆದ್ದರಿಂದ ಅಂಕಿಗಳೂ ಹಿಗ್ಗಿದವು ಎಂಬ ಆಕ್ಷೇಪಕ್ಕೆ ಹೆಚ್ಚು ತೂಕವಿದೆ. 1969ರಲ್ಲಿ ಕೌಂಟಿ ಪಂದ್ಯಗಳನ್ನು ಕಡಿಮೆ ಮಾಡಿದ ಮೇಲೆ ಒಂದೇ ಋತುವಿನಲ್ಲಿ ಸಾವಿರ ರನ್, ನೂರು ವಿಕೆಟ್‌ಗಳ ಜೋಡಿ ಸಾಧನೆ ಒಲಿದದ್ದು 1984ರಲ್ಲಿ ರಿಚರ್ಡ್ ಹ್ಯಾಡ್ಲಿಗೆ, 1988ರಲ್ಲಿ ಫ್ರಾಂಕ್ಲಿನ್ ಸ್ಟೀಫನ್ಸನ್‌ಗೆ ಮಾತ್ರ. ಆದರೆ ಅವಕಾಶ ಎಲ್ಲರಿಗೂ ಇತ್ತಲ್ಲ? ವಿಲ್‌ಫ್ರೆಡ್ ರೋಡ್ಸ್ ಹುಟ್ಟಿದ್ದು ಅದೇ ಕರ್ಕ್‌ಹೀಟನ್‌ನಲ್ಲಿ, ಆಡಿದ್ದು ಅದೇ ತಂಡಕ್ಕೆ. ಆ ಜೋಡಿ ಸಾಧನೆಯನ್ನು ಹರ್ಸ್ಟ್ 14 ಸಲ ಮಾಡಿದರೆ ರೋಡ್ಸ್ 16 ಸಲ ಮಾಡಿದರು. ರೋಡ್ಸ್ ಇನ್ನೂರು ವಿಕೆಟ್ ದಾಟಿದ ವರ್ಷಗಳುಂಟು, ಎರಡು ಸಾವಿರ ರನ್ ದಾಟಿದ ವರ್ಷಗಳೂ ಉಂಟು; ಎರಡೂ ಒಂದೇ ವರ್ಷ ಕೂಡಿಬರಲಿಲ್ಲ. ಮಿಡ್ಲ್‌ಸೆಕ್ಸ್‌ನ ಆಲ್ಬರ್ಟ್ ಟ್ರಾಟ್ ಎರಡು ಋತುಗಳಲ್ಲಿ ಇನ್ನೂರು ವಿಕೆಟ್ ಜೊತೆಗೆ ಸಾವಿರ ರನ್ ಗಳಿಸಿದರೂ ಎರಡನೇ ಸಾವಿರ ದೂರವೇ ಉಳಿಯಿತು. ಅಷ್ಟೇ ಪಂದ್ಯ, ಅದೇ ಮಳೆ ನೆನೆದ ಪಿಚ್‌ಗಳು ಸಿಕ್ಕಿದವರಲ್ಲಿ ಎರಡೂ ಗೆರೆಗಳನ್ನು ಒಟ್ಟಿಗೆ ದಾಟಿದವರು ಹರ್ಸ್ಟ್ ಒಬ್ಬರೇ.