ವಕ್ರ ಮೇಲ್ಮೈಗಳ ರಚನೆ: ಬೆಂಗಳೂರಿನ ವಿಮಾನೋದ್ಯಮದ ಒಂದು ಅಧ್ಯಾಯ

ಜಯನಗರ, ಜೆ. ಪಿ. ನಗರ, ಬನಶಂಕರಿ, ಬಿ.ಟಿ.ಎಂ. ಬಡಾವಣೆ ಮೊದಲಾದ ಬೆಂಗಳೂರಿನ ದಕ್ಷಿಣ ಭಾಗಗಳಲ್ಲಿ, ಗಣಕಯಂತ್ರದ ನೆರವಿನಿಂದ ಯಂತ್ರಭಾಗಗಳ ವಿನ್ಯಾಸ ಮಾಡುವುದನ್ನು ಕಲಿಸುವ ತರಬೇತಿ ಕೇಂದ್ರಗಳು ಇಂದು ಅನೇಕವಾಗಿವೆ. ಅಲ್ಲಿಗೆ ಹೋಗುವ ವಿದ್ಯಾರ್ಥಿಯು ‘ಸ್ಪ್ಲೈನ್’, ‘ಲಾಫ್ಟ್’ ಎಂಬ ಎರಡು ಆಜ್ಞೆಗಳನ್ನು ಬಹು ಬೇಗ ಕಲಿಯುತ್ತಾನೆ. ಅವು ಒಂದು ಕಾಲದಲ್ಲಿ ಕೈಯಿಂದ ಮುಟ್ಟಬಹುದಾದ ವಸ್ತುಗಳ ಹೆಸರುಗಳಾಗಿದ್ದವೆಂಬುದನ್ನು ಮಾತ್ರ ಅವನಿಗೆ ಯಾರೂ ಹೇಳುವುದಿಲ್ಲ. ಈ ವಿದ್ಯೆಯು ತಂತ್ರಾಂಶ ಕಂಪನಿಗಳೊಡನೆ ಕಳೆದ ಶತಮಾನದ ಕೊನೆಯಲ್ಲಿ ಸಿದ್ಧರೂಪದಲ್ಲಿ ನಮ್ಮ ನಗರಕ್ಕೆ ಬಂದಿತೆಂಬ ಭಾವನೆಯೂ ವಿದ್ಯಾರ್ಥಿಗಳಲ್ಲಿ ಉಂಟು. ಆ ಭಾವನೆ ಅರ್ಧ ಮಾತ್ರ ಸತ್ಯವೆಂಬುದನ್ನು ತೋರಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

‘ಲಾಫ್ಟ್’ ಎಂದರೆ ಅಟ್ಟ. ನಮ್ಮ ಮನೆಗಳಲ್ಲಿ ಹಳೆಯ ಪಾತ್ರೆಗಳನ್ನು ತುಂಬಿಡುವ ಅಟ್ಟಕ್ಕೂ ಇದಕ್ಕೂ ಹೆಸರೊಂದೇ, ಉಪಯೋಗ ಬೇರೆ. ಪಾಶ್ಚಾತ್ಯ ಹಡಗುಕಟ್ಟೆಗಳಲ್ಲಿ ಕಂಬಗಳ ಅಡ್ಡಿಯಿಲ್ಲದ ವಿಶಾಲವಾದ ಮೇಲಂತಸ್ತಿನ ನೆಲದ ಮೇಲೆ ಹಡಗಿನ ಮೈಯ ರೇಖೆಗಳನ್ನು ಪೂರ್ಣ ಅಳತೆಯಲ್ಲಿಯೇ ಎಳೆಯುತ್ತಿದ್ದರು. ‘ಸ್ಪ್ಲೈನ್’ ಎಂಬುದು ಹಾಗೆ ಎಳೆಯಲು ಬಳಸುತ್ತಿದ್ದ, ಬಳುಕುವ ತೆಳುವಾದ ಮರದ ಪಟ್ಟಿ. ಅದನ್ನು ಬೇಕಾದ ಬಿಂದುಗಳಲ್ಲಿ ಸೀಸದ ತೂಕಗಳಿಂದ ಹಿಡಿದು ನಿಲ್ಲಿಸಿದರೆ, ಪಟ್ಟಿಯು ತನಗೆ ಅತ್ಯಂತ ಕಡಿಮೆ ಶ್ರಮವಾಗುವ ರೀತಿಯಲ್ಲಿ ತಾನೇ ಬಾಗಿಕೊಳ್ಳುತ್ತದೆ. ಆ ತೂಕಗಳ ಆಕಾರವನ್ನು ನೋಡಿ ಅವುಗಳನ್ನು ‘ಬಾತುಗಳು’ ಎಂದು ಕರೆಯುವ ರೂಢಿಯಿತ್ತು. ತರುವಾಯ ಗಣಿತಜ್ಞರು ಮಾಡಿದ ಕೆಲಸವೆಂದರೆ ಈ ಬಾಗನ್ನು ತುಂಡು ತುಂಡಾದ ಘನ ಸಮೀಕರಣಗಳಿಂದ ಅನುಕರಿಸಿದ್ದು. 1946ರಲ್ಲಿ ಷೋನ್‌ಬರ್ಗ್ ಎಂಬ ಗಣಿತಜ್ಞನು ಅಂತಹ ವಕ್ರರೇಖೆಗಳಿಗೆ ಪಟ್ಟಿಯ ಹೆಸರನ್ನೇ ಇಟ್ಟನು.

ವಕ್ರ ಮೇಲ್ಮೈಗಳೆಲ್ಲವೂ ಸಮಾನವಾಗಿ ಕಠಿಣವಲ್ಲ. ಬೇಲೂರಿನ ಚೆನ್ನಕೇಶವ ದೇವಾಲಯದ ನವರಂಗದಲ್ಲಿ ತಿರುಗಿಸಿ ಕಡೆದ ಕಂಬಗಳನ್ನು ವಾಚಕರು ನೋಡಿರಬಹುದು. ಅಂತಹ ಕಂಬದ ಅಂಚಿನ ಒಂದೇ ಒಂದು ರೇಖೆಯನ್ನು ನಿರ್ಧರಿಸಿದರೆ ಇಡೀ ಮೇಲ್ಮೈ ನಿರ್ಧಾರವಾಯಿತು. ಉಳಿದುದನ್ನು ತಿರುಗುವಿಕೆಯೇ ಮಾಡುತ್ತದೆ. ವಿಮಾನದ ಒಡಲು ಹಾಗಲ್ಲ. ಮೂತಿಯಿಂದ ಬಾಲದವರೆಗೆ ಅದರ ಅಡ್ಡಕೊಯ್ತ ಬದಲಾಗುತ್ತಲೇ ಇರುತ್ತದೆ. ಮೇಲಿನಿಂದ, ಪಕ್ಕದಿಂದ, ಎದುರಿನಿಂದ ಎಳೆದ ಮೂರು ಬಗೆಯ ರೇಖೆಗಳೂ ಪ್ರತಿಯೊಂದು ಬಿಂದುವಿನಲ್ಲಿ ಒಂದಕ್ಕೊಂದು ಒಪ್ಪಬೇಕು. ಒಂದನ್ನು ಕೊಂಚ ತಿದ್ದಿದರೆ ಉಳಿದೆರಡು ಕೆಡುತ್ತವೆ. ಈ ತಿದ್ದುಪಡಿಯಲ್ಲಿಯೇ ಕುಶಲಿಗಳ ದಿನಗಳು ಕಳೆಯುತ್ತಿದ್ದವು.

ಇಂತಹ ಸಮಸ್ಯೆ ನಮ್ಮ ನಗರಕ್ಕೆ ಬಂದದ್ದು ವಾಲ್‌ಚಂದ್ ಹೀರಾಚಂದರು ಮೈಸೂರು ಸಂಸ್ಥಾನದ ಸಹಕಾರದಿಂದ 1940ರ ಡಿಸೆಂಬರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿಯನ್ನು ಸ್ಥಾಪಿಸಿದಾಗ. ಮೊದಲಿನ ವರ್ಷಗಳಲ್ಲಿ ಅನ್ಯರು ರೂಪಿಸಿದ ವಿಮಾನಗಳನ್ನು ಜೋಡಿಸುವುದು, ದುರಸ್ತಿ ಮಾಡುವುದು ಇವೇ ಮುಖ್ಯವಾಗಿದ್ದವು. ವಿ. ಎಂ. ಘಾಟಗೆಯವರ ನೇತೃತ್ವದಲ್ಲಿ ಇಲ್ಲಿಯೇ ರೂಪುಗೊಂಡ ಎಚ್‌ಟಿ-2 ತರಬೇತಿ ವಿಮಾನವು 1951ರ ಆಗಸ್ಟ್ 5ರಂದು ಹಾರಿತು. ಜರ್ಮನಿಯ ಕುರ್ಟ್ ಟಾಂಕ್ 1956ರಲ್ಲಿ ಬೆಂಗಳೂರಿಗೆ ಬಂದ ಮೇಲೆ ಸಮಸ್ಯೆಯು ಇನ್ನೂ ಸೂಕ್ಷ್ಮವಾಯಿತು. ಎಚ್‌ಎಫ್-24 ‘ಮಾರುತ್’ ಶಬ್ದವೇಗದ ಸಮೀಪದಲ್ಲಿ ಹಾರಬೇಕಾದ ವಿಮಾನ. ಅಂತಹ ವೇಗದಲ್ಲಿ ರೆಕ್ಕೆ ಸೇರುವ ಕಡೆ ಒಡಲನ್ನು ಕಿರಿದುಗೊಳಿಸಿದರೆ ಗಾಳಿಯ ತಡೆ ಕಡಿಮೆಯಾಗುತ್ತದೆ. ಹೀಗಾಗಿ ಒಡಲಿಗೆ ಒಂದು ನಡು ಬಂದಿತು. ಉಬ್ಬೂ ತಗ್ಗೂ ಒಂದೇ ಮೈಯಲ್ಲಿ ಕೂಡಿದವು. ಮಾರುತ್ ಲೋಹದಲ್ಲಿ ಮೂಡುವುದಕ್ಕೆ ಮುಂಚೆ ಅದರ ಪೂರ್ಣ ಅಳತೆಯ ಮರದ ಗ್ಲೈಡರ್ ಒಂದನ್ನು ಕಟ್ಟಿ 1959ರಲ್ಲಿ ಹಾರಿಸಿದರೆಂಬುದು ನಮ್ಮ ದೃಷ್ಟಿಯಲ್ಲಿ ಬಹು ಮುಖ್ಯವಾದ ಸಂಗತಿ. ಇಂದು ಪರದೆಯ ಮೇಲೆ ಇರುವ ಮಾದರಿಯ ಸ್ಥಾನದಲ್ಲಿ ಅಂದು ಬಡಗಿಯ ಕೆಲಸವಿತ್ತು. ಮಾರುತ್ 1961ರ ಜೂನ್ 17ರಂದು ಮೊದಲ ಬಾರಿಗೆ ಹಾರಿತು.

ಇಷ್ಟರಲ್ಲಿ ಹೊರಗೆ ಬೇರೊಂದು ಮಾರ್ಗ ತೆರೆದಿತ್ತು. ಮಸ್ಟಾಂಗ್ ವಿಮಾನದ ಕೆಲಸದಲ್ಲಿ ರಾಯ್ ಲೈಮಿಂಗ್ ಎಂಬುವನು ಅಡ್ಡಕೊಯ್ತಗಳನ್ನು ಶಂಕುಜ ರೇಖೆಗಳ ಸಮೀಕರಣಗಳಿಂದಲೇ ನಿರ್ಧರಿಸಿ, ಆ ಕ್ರಮವನ್ನು 1944ರಲ್ಲಿ ಪುಸ್ತಕವಾಗಿ ಪ್ರಕಟಿಸಿದ್ದನು. ನೆಲದ ಮೇಲಿನ ಚಿತ್ರ ಹಿಗ್ಗಬಹುದು, ಮಾಸಬಹುದು, ಅಂಕಿಗಳು ಹಾಗಲ್ಲ. 1959ರ ವೇಳೆಗೆ ಸಿಟ್ರೊಯೆನ್ ಕಾರಿನ ಕಾರ್ಖಾನೆಯಲ್ಲಿ ದ ಕಾಸ್ಟೆಲ್ಜೊ, ತರುವಾಯ ರೆನೊ ಕಾರ್ಖಾನೆಯಲ್ಲಿ ಬೆಜಿಯೆ, ಕೆಲವೇ ನಿಯಂತ್ರಕ ಬಿಂದುಗಳನ್ನು ಎಳೆದಾಡಿ ಇಡೀ ವಕ್ರವನ್ನು ತಿದ್ದುವ ಉಪಾಯವನ್ನು ಕಂಡುಕೊಂಡರು. ಮೊದಲನೆಯವನ ಶೋಧವನ್ನು ಕಂಪನಿ ಗುಟ್ಟಾಗಿ ಇರಿಸಿದ್ದರಿಂದ ಕೀರ್ತಿಯು ಎರಡನೆಯವನ ಪಾಲಾಯಿತು. ನಾಲ್ಕು ಅಂಚುಗಳ ನಡುವೆ ಮೇಲ್ಮೈಯನ್ನು ತುಂಬುವ ಕೂನ್ಸನ ಕ್ರಮ 1967ರದು. 1975ರಲ್ಲಿ ವರ್ಸ್‌ಪ್ರಿಲ್ ತನ್ನ ಪ್ರಬಂಧದಲ್ಲಿ ವಿವರಿಸಿದ ಕ್ರಮವು ಶಂಕುಜಗಳನ್ನೂ ಸ್ವತಂತ್ರ ವಕ್ರಗಳನ್ನೂ ಒಂದೇ ಸೂತ್ರದಲ್ಲಿ ಅಡಕಗೊಳಿಸಿತು. ‘ನರ್ಬ್ಸ್’ ಎಂಬ ಹೆಸರಿನಿಂದ ಇಂದಿನ ತಂತ್ರಾಂಶಗಳಲ್ಲಿ ನಡೆಯುತ್ತಿರುವುದು ಅದೇ.

ಬೆಂಗಳೂರಿನ ಪಾಲು ಮತ್ತೆ ಕಾಣುವುದು ಹಗುರ ಯುದ್ಧವಿಮಾನದ ಕಾಲಕ್ಕೆ. 1984ರಲ್ಲಿ ಏರೋನಾಟಿಕಲ್ ಡೆವಲಪ್‌ಮೆಂಟ್ ಏಜೆನ್ಸಿ ಸ್ಥಾಪನೆಯಾಯಿತು. 1987ರಲ್ಲಿ ಆರಂಭವಾದ ರೂಪನಿರ್ಣಯದ ಹಂತದಲ್ಲಿ ಫ್ರಾನ್ಸಿನ ದಸ್ಸೋ ಸಂಸ್ಥೆ ಸಲಹೆ ನೀಡಿತು. ಈಗ ಕಾಟಿಯಾ ಎಂದು ಹೆಸರಾದ ವಿನ್ಯಾಸ ತಂತ್ರಾಂಶವನ್ನು 1977ರಲ್ಲಿ ಬೆಳೆಸತೊಡಗಿದ ಸಂಸ್ಥೆಯೂ ಇದೇ. ಆದರೆ ತೇಜಸ್ಸಿನ ಮೈಯ ಬಹುಭಾಗ ಲೋಹದ್ದಲ್ಲ, ಇಂಗಾಲದ ನೂಲಿನ ಪದರಗಳದು. ಇಲ್ಲಿ ಹೊಸ ತೊಡಕು ಹುಟ್ಟಿತು. ಚಪ್ಪಟೆಯಾದ ಬಟ್ಟೆಯಂತಹ ಪದರವನ್ನು ಎರಡೂ ಕಡೆಗೆ ಬಾಗಿದ ಅಚ್ಚಿನ ಮೇಲೆ ಹಾಸಬೇಕು. ಅಂತಹ ಮೇಲ್ಮೈಯನ್ನು ಹಿಗ್ಗಿಸದೆ ಕುಗ್ಗಿಸದೆ ಚಪ್ಪಟೆ ಮಾಡುವುದು ಅಸಾಧ್ಯವೆಂಬುದು ಗೌಸನು 1827ರಲ್ಲಿ ಮಂಡಿಸಿದ ಸಿದ್ಧಾಂತದಿಂದ ತಿಳಿದುಬರುತ್ತದೆ. ಕಿತ್ತಳೆಯ ಸಿಪ್ಪೆಯನ್ನು ಮೇಜಿನ ಮೇಲೆ ಒತ್ತಿ ನೋಡಿದ ಮಕ್ಕಳಿಗೂ ಇದು ಗೊತ್ತು. ರವಿಕೆ ಹೊಲಿಯುವ ದರ್ಜಿಯು ಮಡಿಕೆ ಹಿಡಿದು ಪಾರಾಗುತ್ತಾನೆ. ವಿಮಾನದ ರೆಕ್ಕೆಯಲ್ಲಿ ಮಡಿಕೆಗೆ ಎಡೆಯಿಲ್ಲ. ಅಲ್ಲದೆ ಪದರವು ಓರೆಯಾಗಿ ಸರಿದರೆ ನೂಲಿನ ದಿಕ್ಕು ಬದಲಾಗಿ ಬಲವೇ ಬದಲಾಗುತ್ತದೆ. ಇಂತಹ ಪದರುಗಟ್ಟಿದ ಭಾಗಗಳ ವಿನ್ಯಾಸಕ್ಕಾಗಿ ಏಜೆನ್ಸಿಯವರು ‘ಆಟೋಲೇ’ ಎಂಬ ತಂತ್ರಾಂಶವನ್ನು ಸಿದ್ಧಪಡಿಸಿದರು. ತೇಜಸ್ 2001ರ ಜನವರಿ 4ರಂದು ಹಾರಿತು. ಆಟೋಲೇ ಪರವಾನಗಿಯ ಮೂಲಕ ಹೊರಗೆ ಹೋಗಿ ಏರ್‌ಬಸ್ ಎ380ರ ಕಾರ್ಯದಲ್ಲಿಯೂ ಬಳಕೆಯಾಯಿತು.

ಆದಕಾರಣ ಸಮೀಕರಣಗಳು ಹೊರಗಿನಿಂದ ಬಂದವೆಂಬುದನ್ನು ಒಪ್ಪಿಕೊಂಡೂ, ಸಮಸ್ಯೆಯು ಇಲ್ಲಿಯೇ ಅರುವತ್ತು ವರ್ಷಗಳ ಕಾಲ ಮರ, ತಗಡು, ನೂಲುಗಳಲ್ಲಿ ಬೆಳೆದಿತ್ತೆಂದು ನಾವು ಹೇಳುತ್ತೇವೆ. ಆಟೋಲೇ ಆ ಕೈಕೆಲಸದ ಹಿನ್ನೆಲೆಯಿಲ್ಲದೆ ಹುಟ್ಟುತ್ತಿರಲಿಲ್ಲ. ಇತಿಹಾಸದ ಒಂದು ಅನ್ಯಾಯವನ್ನೂ ಇಲ್ಲಿ ಸೂಚಿಸಬೇಕು. ಸೂತ್ರ ಬರೆದವರ ಹೆಸರುಗಳು ಪಠ್ಯಪುಸ್ತಕಗಳಲ್ಲಿ ಉಳಿದಿವೆ. ನೆಲದ ಮೇಲೆ ಮಂಡಿಯೂರಿ ಪಟ್ಟಿ ಬಾಗಿಸಿದವರ ಹೆಸರುಗಳು ಅವುಗಳಲ್ಲಿ ಇಲ್ಲ. ಅಂತಹ ಕೆಲಸ ಮಾಡಿ ನಿವೃತ್ತರಾದವರು ಇನ್ನೂ ನಮ್ಮ ನಡುವೆ ಇರುವಾಗಲೇ ಅವರ ಮಾತುಗಳನ್ನು ಬರೆದಿಡುವ ಕೆಲಸವನ್ನು ಕಾಲೇಜುಗಳ ಇತಿಹಾಸ ಮತ್ತು ತಾಂತ್ರಿಕ ವಿಭಾಗಗಳು ಕೂಡಿ ಕೈಗೊಳ್ಳಬಹುದು.

ಪಟ್ಟಿಯು ಸರಿಯಾಗಿ ಬಾಗಿದೆಯೇ ಎಂದು ತಿಳಿಯಲು ಕುಶಲಿಯು ಕೆಳಗೆ ಬಗ್ಗಿ, ಒಂದು ಕಣ್ಣು ಮುಚ್ಚಿ, ಅದರ ಉದ್ದಕ್ಕೂ ದೃಷ್ಟಿ ಹಾಯಿಸುತ್ತಿದ್ದನು. ಈಗಿನ ತಂತ್ರಾಂಶವು ಮೇಲ್ಮೈಯ ಮೇಲೆ ಕಪ್ಪು ಬಿಳಿ ಪಟ್ಟೆಗಳ ಪ್ರತಿಬಿಂಬವನ್ನು ತೋರಿಸುತ್ತದೆ. ಎರಡು ತುಂಡುಗಳು ಸೇರುವಲ್ಲಿ ಬಾಗಿನ ಪ್ರಮಾಣ ಹಠಾತ್ತನೆ ಬದಲಾದರೆ ಪಟ್ಟೆ ಮುರಿದು ಕಾಣುತ್ತದೆ. ಎರಡೂ ಒಂದೇ ಪರೀಕ್ಷೆ. ಹಳೆಯ ವಿಮಾನ ನಿಲ್ದಾಣ ರಸ್ತೆಯ ಬಳಿ ಇರುವ ಎಚ್‌ಎಎಲ್ ವಸ್ತುಸಂಗ್ರಹಾಲಯದಲ್ಲಿ ಮಾರುತ್ ನಿಂತಿದೆ. ಅಧ್ಯಾಪಕ ಮಿತ್ರರು ವಿದ್ಯಾರ್ಥಿಗಳನ್ನು ಅಲ್ಲಿಗೆ ಕರೆದೊಯ್ದು, ಅದರ ಬಾಲದ ಕಡೆಯಿಂದ ಬಗ್ಗಿ ಒಡಲಿನ ಉದ್ದಕ್ಕೂ ನೋಡುವಂತೆ ಹೇಳಲಿ.